ವಿಡಿಯೊದ ಪ್ರತಿ ಫ್ರೇಮಿಗೂ ಫೋಟೊ ಎಫೆಕ್ಟ್ ಹಾಕಿದೆ, ಈಗ ಎಲ್ಲಾ ಮಿಣುಕುತ್ತಿದೆ. ಏನು ಮಾಡಲಿ?

ಮಳೆಕೊಡೆ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕೆಲಸದ ಹಿಂದೆ ಬಿದ್ದಿದ್ದೇನೆ, ಈಗ ದಾರಿ ಕಾಣುತ್ತಿಲ್ಲ.

ಮಗಳು ಮಳೆಯಲ್ಲಿ ಕೊಡೆ ಹಿಡಿದು ನಡೆದು ಬರುವ ಒಂದು ಕ್ಲಿಪ್ ಇದೆ. ಫೋನಿನಲ್ಲಿ ತೆಗೆದದ್ದು, 2 ನಿಮಿಷ 40 ಸೆಕೆಂಡ್, ಸೆಕೆಂಡಿಗೆ 30 ಫ್ರೇಮ್ ವೇಗ. ಅದರಿಂದ ಒಂದೇ ಒಂದು ಫ್ರೇಮ್ ತೆಗೆದು ಫೋಟೊಶಾಪಿನಲ್ಲಿ ಆಟೋ ಟೋನ್ ಕೊಟ್ಟೆ. ಆಮೇಲೆ ಆಯಿಲ್ ಪೇಂಟ್ ಫಿಲ್ಟರ್, ಸ್ವಲ್ಪ ಗ್ರೇನ್ (ಹಳೆ ಫಿಲ್ಮಿನ ಹಾಗೆ ಸಣ್ಣ ಚುಕ್ಕೆಗಳು), ಕೊನೆಗೆ ಅಂಚಿಗೆ ಕಪ್ಪು ನೆರಳು. ಕೈಯಲ್ಲಿ ಬರೆದ ಚಿತ್ರದ ಹಾಗೆ ಬಂತು. ಇಡೀ ವಿಡಿಯೊ ಹೀಗೇ ಇದ್ದರೆ ಎಷ್ಟು ಚೆನ್ನ ಅನ್ನಿಸಿತು.

ಎಫ್‌ಎಫ್‌ಎಂಪೆಗ್ ಎಂಬ, ಕಮಾಂಡ್ ಬರೆದು ಓಡಿಸುವ ವಿಡಿಯೊ ಸಾಫ್ಟ್‌ವೇರ್‌ನಿಂದ ಎಲ್ಲಾ ಫ್ರೇಮ್‌ಗಳನ್ನು ಪಿಎನ್‌ಜಿ (ಗುಣಮಟ್ಟ ಕಳೆಯದ ಚಿತ್ರದ ಫೈಲ್) ಆಗಿ ಹೊರಗೆ ತೆಗೆದೆ. ಸರಿಯಾಗಿ 4800 ಬಂದವು. ಮಾಡಿದ ಹೆಜ್ಜೆಗಳನ್ನು ಫೋಟೊಶಾಪಿನಲ್ಲಿ ಆಕ್ಷನ್ ಆಗಿ ರೆಕಾರ್ಡ್ ಮಾಡಿ, ಎಲ್ಲಾ ಫೈಲಿಗೂ ಒಟ್ಟಿಗೆ ಬ್ಯಾಚ್ ಓಡಿಸಿದೆ. ಒಂದು ಫ್ರೇಮಿಗೆ 4 ಸೆಕೆಂಡ್ ಹಿಡಿಯಿತು, ಒಟ್ಟು 5 ಗಂಟೆ 20 ನಿಮಿಷ. ಎಲ್ಲವನ್ನೂ ಮತ್ತೆ ಜೋಡಿಸಿ ನೋಡಿದರೆ ಎರಡು ತೊಂದರೆ. ಒಂದು, ಬೆಳಕು ಪಟಪಟ ಹೊಡೆದುಕೊಳ್ಳುತ್ತದೆ, ಬಣ್ಣದ ಗೆರೆಗಳೂ ಒಂದು ಕಡೆ ನಿಲ್ಲುವುದಿಲ್ಲ. ಎರಡು, ವಿಡಿಯೊ 3 ನಿಮಿಷ 12 ಸೆಕೆಂಡ್ ಆಗಿದೆ, ಆಡಿಯೊ ಮೊದಲೇ ಮುಗಿದುಹೋಗುತ್ತದೆ. ಒಂದೊಂದು ಫ್ರೇಮ್ ತೆರೆದು ನೋಡಿದರೆ ಎಲ್ಲಾ ಚೆನ್ನಾಗಿಯೇ ಇವೆ! ಎಲ್ಲಿ ತಪ್ಪಿದೆ?

ಇಪ್ಪತ್ತೈದು
ಎರಡನೆಯದು ಸುಲಭ. 4800ನ್ನು 25ರಿಂದ ಭಾಗಿಸಿ, 192 ಸೆಕೆಂಡ್. ಅದೇ ನಿಮ್ಮ 3 ನಿಮಿಷ 12. ಚಿತ್ರಗಳ ಸಾಲನ್ನು ಓದುವಾಗ ವೇಗ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ 25 ಎಂದೇ ಹಿಡಿಯುತ್ತದೆ. ಜೋಡಿಸುವಾಗ ಫ್ರೇಮ್‌ರೇಟ್ 30 ಎಂದು ಕೊಡಿ. ಅದನ್ನು ಚಿತ್ರಗಳ ಹೆಸರಿಗಿಂತ ಮೊದಲು ಬರೆಯಬೇಕು. ನಂತರ ಬರೆದರೆ ಅರ್ಥವೇ ಬೇರೆ.

ಮಳೆಕೊಡೆ
ಅಯ್ಯೋ, ಇಷ್ಟೇನಾ! ಈಗ ಆಡಿಯೊ ಸರಿಯಾಗಿ ಕೂತಿತು. ತುಂಬಾ ಧನ್ಯವಾದ. ಮಿಣುಕು ಮಾತ್ರ ಹಾಗೇ ಇದೆ.

ಕತ್ತಲಕೋಣೆ
ಮಿಣುಕಿಗೆ ಮೊದಲ ಕಾರಣ ಆಟೋ ಟೋನ್. ಹೆಸರಿನಲ್ಲೇ ಇದೆ ನೋಡಿ, ಆಟೋ. ಅದು ಪ್ರತಿ ಚಿತ್ರವನ್ನೂ ಹೊಸದಾಗಿ ನೋಡುತ್ತದೆ. ಇದರಲ್ಲಿ ಅತಿ ಕಪ್ಪು ಯಾವುದು, ಅತಿ ಬಿಳಿ ಯಾವುದು ಎಂದು ಹುಡುಕಿ ಅದಕ್ಕೆ ತಕ್ಕ ಹಾಗೆ ಎಳೆಯುತ್ತದೆ. ಒಂದು ಫ್ರೇಮಿನಲ್ಲಿ ಕೊಡೆಯ ಮೇಲೆ ಒಂದು ಹನಿ ಹೊಳೆಯಿತು, ಮುಂದಿನದರಲ್ಲಿ ಹೊಳೆಯಲಿಲ್ಲ ಅಂದುಕೊಳ್ಳಿ. ಎರಡಕ್ಕೂ ಲೆಕ್ಕ ಬೇರೆ ಬೇರೆ. ಫೋಟೊದಲ್ಲಿ ಈ ವ್ಯತ್ಯಾಸ ನಿಮಗೆ ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ 30 ಸಲ ಬಂದಾಗ ಕಣ್ಣು ತಕ್ಷಣ ಹಿಡಿಯುತ್ತದೆ.

ಹಾಗಾಗಿ ಆಕ್ಷನ್ ಒಳಗೆ ಆಟೋ ಎಂಬ ಹೆಸರಿನ ಯಾವುದೂ ಇರಬಾರದು. ಬೆಳಕು, ಬಣ್ಣ ಕೈಯಲ್ಲೇ ಹೊಂದಿಸುವ ಲೆವೆಲ್ಸ್ ಅಥವಾ ಕರ್ವ್ಸ್ ತೆಗೆದುಕೊಳ್ಳಿ. ಒಂದು ಒಳ್ಳೆಯ ಫ್ರೇಮ್ ನೋಡಿ ಕೈಯಲ್ಲಿ ಅಂಕಿ ಕೊಡಿ. ಆಕ್ಷನ್ ಆ ಅಂಕಿಗಳನ್ನೇ ನೆನಪಿಟ್ಟುಕೊಂಡು 4800ಕ್ಕೂ ಅದನ್ನೇ ಹಾಕುತ್ತದೆ. ಬೆಳಕಿನ ಮಿಣುಕು ಅಲ್ಲಿಗೇ ನಿಲ್ಲುತ್ತದೆ.

ಶೂಟ್ ಮಾಡುವಾಗ ಫೋನ್ ತಾನೇ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಬದಲಿಸಿದ್ದರೆ ಅದು ಬೇರೆ ಮಾತು. ಆಗ ಎಫ್‌ಎಫ್‌ಎಂಪೆಗ್‌ನ ಡಿಫ್ಲಿಕರ್ ಫಿಲ್ಟರ್ ನೋಡಿ. ಅದು ಒಂದರ ಪಕ್ಕ ಒಂದು ಇರುವ ಕೆಲವು ಫ್ರೇಮ್‌ಗಳ ಬೆಳಕನ್ನು ಸರಾಸರಿ ಮಾಡುತ್ತದೆ. ಸುಮ್ಮನೆ ಬಿಟ್ಟರೆ 5 ಫ್ರೇಮ್ ನೋಡುತ್ತದೆ, ಬೇಕಾದರೆ ಹೆಚ್ಚಿಸಬಹುದು. ಆದರೆ ಅದು ಇಡೀ ಚಿತ್ರದ ಬೆಳಕನ್ನು ಮಾತ್ರ ಸರಿಮಾಡುತ್ತದೆ. ಗೆರೆಗಳ ಕುಣಿತಕ್ಕೆ ಅದರಿಂದ ಉಪಯೋಗವಿಲ್ಲ.

ನೀಲಿಪೆನ್ಸಿಲ್
ನನಗೆ ಅರ್ಥವಾಗದ್ದು, 4800 ಫೈಲ್ ಯಾಕೆ ಬೇಕು? ಫೋಟೊಶಾಪ್ ನೇರವಾಗಿ ವಿಡಿಯೊ ತೆರೆಯುತ್ತದೆ. ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ (ಮೂಲವನ್ನು ಮುಟ್ಟದೆ ಒಳಗೆ ಇಟ್ಟುಕೊಳ್ಳುವ ಲೇಯರ್) ಮಾಡಿ, ಅದರ ಮೇಲೆ ಫಿಲ್ಟರ್ ಹಾಕಿ, ರೆಂಡರ್ ವಿಡಿಯೊ ಒತ್ತಿ. ಎಲ್ಲಾ ಫ್ರೇಮಿಗೂ ಅದೇ ಹೋಗುತ್ತದೆ. ಸ್ಮಾರ್ಟ್ ಆಬ್ಜೆಕ್ಟ್ ಮಾಡದೆ ಹಾಕಿದರೆ ಮಾತ್ರ ಎದುರಿಗೆ ಕಾಣುವ ಒಂದೇ ಫ್ರೇಮಿಗೆ ಅಂಟಿಕೊಳ್ಳುತ್ತದೆ. ಜಾಸ್ತಿ ಜನ ಅಲ್ಲೇ ಎಡವುವುದು. ಬೇಡವಾದರೆ ಫಿಲ್ಟರ್ ಮೇಲೆ ಎರಡು ಸಲ ಒತ್ತಿ ಬದಲಿಸಲೂಬಹುದು.

ಕತ್ತಲಕೋಣೆ
ಸಣ್ಣ ಕ್ಲಿಪ್ಪಿಗೆ ನಿಮ್ಮ ದಾರಿ ಒಳ್ಳೆಯದೇ. ಆದರೆ 5 ಗಂಟೆ ಓಡುವ ರೆಂಡರ್ ನಾಲ್ಕನೇ ಗಂಟೆಯಲ್ಲಿ ನಿಂತರೆ? ಎಲ್ಲಾ ಮೊದಲಿನಿಂದ. ಫ್ರೇಮ್ ಫೈಲ್‌ಗಳಾದರೆ 3611ರಲ್ಲಿ ನಿಂತಿತು, 3612ರಿಂದ ಶುರು ಮಾಡಿದರೆ ಆಯಿತು. ಒಂದು ಫ್ರೇಮ್ ಹಾಳಾದರೆ ಅದೊಂದನ್ನೇ ಮತ್ತೆ ಮಾಡಬಹುದು. ನನಗೆ ಅದೇ ನೆಮ್ಮದಿ.

ನೀಲಿಪೆನ್ಸಿಲ್
ಸ್ಮಾರ್ಟ್ ಆಬ್ಜೆಕ್ಟ್‌ನಿಂದಲೂ ಚಿತ್ರಗಳ ಸಾಲಾಗಿಯೇ ಹೊರಗೆ ಬರೆಯಬಹುದು. ರೆಂಡರ್ ವಿಡಿಯೊ ಕಿಟಕಿಯಲ್ಲಿ ಇಮೇಜ್ ಸೀಕ್ವೆನ್ಸ್ ಎಂದೇ ಇದೆ. ಯಾವ ಫ್ರೇಮಿನಿಂದ ಯಾವ ಫ್ರೇಮಿನವರೆಗೆ ಎಂದೂ ಹೇಳಬಹುದು. ನಿಂತಲ್ಲಿಂದ ಮುಂದುವರಿಸಬಹುದಲ್ವಾ?

ಕತ್ತಲಕೋಣೆ
ಅದು ನಿಜ. ನಾನು ಆ ಆಯ್ಕೆ ಬಳಸಿರಲಿಲ್ಲ. ಒಪ್ಪಿದೆ.

ತೆರೆದಕೀಲಿ
ಫೋಟೊಶಾಪ್ ಇಲ್ಲದವರಿಗೆ ಒಂದು ಮಾತು. ಜಿಂಪ್ ಎಂಬ ಉಚಿತ ಫೋಟೊ ಸಾಫ್ಟ್‌ವೇರಿಗೆ ಬರುವ ಜಿಮಿಕ್ ಪ್ಲಗಿನ್‌ನಲ್ಲಿ ಪೇಂಟಿಂಗ್ ಥರದ ಎಫೆಕ್ಟ್‌ಗಳು ರಾಶಿ ಇವೆ. ಜಿಮಿಕ್ ಕಮಾಂಡ್ ಸಾಲಿನಿಂದಲೂ ಓಡುತ್ತದೆ, ಹಾಗಾಗಿ ಇಡೀ ಫೋಲ್ಡರನ್ನು ಒಂದು ಸಣ್ಣ ಲೂಪ್‌ನಲ್ಲಿ ಮುಗಿಸಬಹುದು. ಬರೀ ಬಣ್ಣ, ಬ್ಲರ್, ಶಾರ್ಪನ್ ಸಾಕು ಅನ್ನುವವರಿಗೆ ಕಮಾಂಡ್‌ನಿಂದ ಓಡುವ ಇಮೇಜ್‌ಮ್ಯಾಜಿಕ್ ಸಾಫ್ಟ್‌ವೇರ್ ಸಾಕು.

ಇನ್ನೊಂದು, ಫೈಲ್ ಹೆಸರಿನಲ್ಲಿ ಅಂಕಿಯ ಮುಂದೆ ಸೊನ್ನೆ ಹಾಕಿ. 1, 2, 10 ಎಂದು ಕೊಟ್ಟರೆ ಎಷ್ಟೋ ಸಾಫ್ಟ್‌ವೇರ್ 1 ಆದಮೇಲೆ 10 ತೆಗೆದುಕೊಳ್ಳುತ್ತವೆ. 00001 ಎಂದು ಐದು ಅಂಕಿ ಇಟ್ಟರೆ ತೊಂದರೆಯೇ ಇಲ್ಲ.

ಹಳೆರೀಲು
ಇಮೇಜ್‌ಮ್ಯಾಜಿಕ್ ಹೆಸರು ಬಂತು ಅಂತ ಹೇಳುತ್ತೇನೆ. ಅದರಲ್ಲಿರುವ ಮೊಗ್ರಿಫೈ ಕಮಾಂಡ್ ಮೂಲ ಫೈಲಿನ ಮೇಲೆಯೇ ಬರೆಯುತ್ತದೆ. ನನಗೆ ಅದು ಗೊತ್ತಿರಲಿಲ್ಲ. ತಮ್ಮನ ಹಳೆಯ ಕ್ಲಿಪ್ ಒಂದನ್ನು ಫ್ರೇಮ್ ಮಾಡಿಕೊಂಡು, ಜಾಗ ಉಳಿಸಲು ವಿಡಿಯೊ ಅಳಿಸಿದ್ದೆ. ಮೊಗ್ರಿಫೈ ಓಡಿಸಿದ ಮೇಲೆ ಬಣ್ಣದ ಫ್ರೇಮ್ ಒಂದೂ ಉಳಿಯಲಿಲ್ಲ, ಎಲ್ಲಾ ಕಪ್ಪು ಬಿಳುಪು. ಈಗಲೂ ಸಂಕಟವಾಗುತ್ತದೆ. ದಯವಿಟ್ಟು ಪಾತ್ ಆಯ್ಕೆ ಕೊಟ್ಟು ಬೇರೆ ಫೋಲ್ಡರಿಗೆ ಬರೆಸಿ. ಮೂಲ ವಿಡಿಯೊವನ್ನು ಕೆಲಸ ಮುಗಿಯುವ ತನಕ ಮುಟ್ಟಬೇಡಿ.

ಬಣ್ಣದಪೆಟ್ಟಿಗೆ
ನನ್ನ ಸಲಹೆ ಸ್ವಲ್ಪ ಬೇರೆ. ನಿಮ್ಮ ಎಫೆಕ್ಟ್‌ನಲ್ಲಿ ಬಣ್ಣದ ಭಾಗವನ್ನು ಬೇರೆ ಮಾಡಿ. ಅದಕ್ಕೆ ಫ್ರೇಮ್ ತೆಗೆಯುವುದೇ ಬೇಡ.

ಕರ್ವ್ಸ್, ಲೆವೆಲ್ಸ್, ಹ್ಯೂ, ಸ್ಯಾಚುರೇಷನ್ ಇವೆಲ್ಲ ಮಾಡುವುದು ಒಂದೇ ಕೆಲಸ. ಈ ಬಣ್ಣ ಬಂದರೆ ಆ ಬಣ್ಣ ಕೊಡು, ಅಷ್ಟೇ. ಪಿಕ್ಸೆಲ್ ಎಲ್ಲಿದೆ, ಅಕ್ಕಪಕ್ಕ ಏನಿದೆ ಎಂದು ಅವು ನೋಡುವುದಿಲ್ಲ. ಹಾಗಾದರೆ ಎಲ್ಲಾ ಬಣ್ಣಗಳಿಗೂ ಒಂದು ಪಟ್ಟಿ ಮಾಡಿ ಇಟ್ಟುಕೊಂಡರೆ ಸಾಕಲ್ವಾ? ಅದಕ್ಕೇ ಲಟ್ ಎನ್ನುವುದು. ಫೋಟೊಶಾಪಿನಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್‌ಗಳಿಂದ ಕಲರ್ ಲುಕಪ್ ಟೇಬಲ್ ಎಕ್ಸ್‌ಪೋರ್ಟ್ ಮಾಡಬಹುದು. ಹಾಗೆ ಸಿಗುವ ಕ್ಯೂಬ್ ಎಂಬ ಬಗೆಯ ಫೈಲನ್ನು ಬಹುತೇಕ ವಿಡಿಯೊ ಎಡಿಟರ್‌ಗಳು ಓದುತ್ತವೆ.

ಬೇರೆ ಫೋಟೊ ಸಾಫ್ಟ್‌ವೇರ್ ಇರುವವರು ಹಾಲ್ಡ್ ಚಿತ್ರ ಬಳಸಿ, ಅದು ಅದೇ ಬಣ್ಣದ ಪಟ್ಟಿ ಚಿತ್ರದ ರೂಪದಲ್ಲಿ. ಇಮೇಜ್‌ಮ್ಯಾಜಿಕ್‌ನಲ್ಲಿ ಹಾಲ್ಡ್ 8 ಎಂದು ಕೇಳಿದರೆ 512 ಬೈ 512 ಪಿಕ್ಸೆಲ್ ಚಿತ್ರವೊಂದು ಬರುತ್ತದೆ. ಅದರಲ್ಲಿ 2,62,144 ಬಣ್ಣಗಳಿವೆ, ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 64 ಮೆಟ್ಟಿಲು. ನಿಮ್ಮ ಫೋಟೊಗೆ ಮಾಡಿದ ಬಣ್ಣದ ಬದಲಾವಣೆಯನ್ನೇ, ಅದೇ ಅಂಕಿಗಳಲ್ಲಿ, ಆ ಚಿತ್ರಕ್ಕೂ ಮಾಡಿ. ಪಿಎನ್‌ಜಿ ಆಗಿ ಉಳಿಸಿ. ಎಫ್‌ಎಫ್‌ಎಂಪೆಗ್‌ನ ಹಾಲ್ಡ್‌ಕ್ಲಟ್ ಫಿಲ್ಟರಿಗೆ ವಿಡಿಯೊ ಮತ್ತು ಈ ಚಿತ್ರ ಎರಡನ್ನೂ ಕೊಟ್ಟರೆ ಇಡೀ ವಿಡಿಯೊಗೆ ಅದೇ ಬಣ್ಣ ಕೂರುತ್ತದೆ. ನಿಮಗೆ ಗಂಟೆಗಟ್ಟಲೆ ಹಿಡಿದ ಕೆಲಸ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಮಿಣುಕೂ ಬರುವುದಿಲ್ಲ. ಆ ಚಿತ್ರವನ್ನು ಜೆಪೆಗ್ ಮಾಡಬೇಡಿ, ಅಳತೆ ಬದಲಿಸಬೇಡಿ, ಬ್ಲರ್ ಮಾಡಬೇಡಿ. ಅದರ ಮೇಲೂ ಆಟೋ ಒತ್ತಬೇಡಿ!

ಸಂಜೆಬೆಳಕು
ಅಂಚಿನ ಕಪ್ಪು ನೆರಳೂ ಇದರಲ್ಲಿ ಬರುತ್ತದಾ?

ಬಣ್ಣದಪೆಟ್ಟಿಗೆ
ಇಲ್ಲ. ಅಂಚು ಎಲ್ಲಿದೆ ಎಂದು ಲಟ್‌ಗೆ ಗೊತ್ತಿಲ್ಲ. ಆ ನೆರಳನ್ನು ಒಂದು ಪಾರದರ್ಶಕ ಪಿಎನ್‌ಜಿ ಮಾಡಿ ವಿಡಿಯೊದ ಮೇಲೆ ಹೊದಿಸಿ. ಒಂದೇ ಚಿತ್ರ, ಕೊನೆತನಕ.

ಮಳೆಕೊಡೆ
ಇದು ಹೊಳೆದೇ ಇರಲಿಲ್ಲ. ಬಣ್ಣಕ್ಕೆ ಲಟ್, ನೆರಳಿಗೆ ಒಂದು ಪಿಎನ್‌ಜಿ. ಹಾಗಾದರೆ ಉಳಿದದ್ದು ಆಯಿಲ್ ಪೇಂಟ್ ಮತ್ತು ಗ್ರೇನ್. ಆಯಿಲ್ ಪೇಂಟ್‌ನಲ್ಲಿ ನಾನು ಯಾವ ಆಟೋ ಕೂಡ ಕೊಟ್ಟಿಲ್ಲ, ಎಲ್ಲಾ ಅಂಕಿ ಒಂದೇ. ಆದರೂ ಗೆರೆಗಳು ಯಾಕೆ ಕುಣಿಯುತ್ತವೆ?

ಕೈಗೆರೆ
ನಾನು ಕೈಯಲ್ಲಿ ಅನಿಮೇಷನ್ ಮಾಡುವವಳು. ಇದಕ್ಕೆ ನಮ್ಮಲ್ಲಿ ಬಾಯ್ಲಿಂಗ್ ಎನ್ನುತ್ತಾರೆ, ಗೆರೆ ಕುದಿಯುವುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಯಿಲ್ ಪೇಂಟ್ ಫಿಲ್ಟರ್ ಗೆರೆ ಎಳೆಯುವುದು ಚಿತ್ರದಲ್ಲಿ ಅಂಚು ಯಾವ ಕಡೆ ಓಡುತ್ತಿದೆ ಎಂದು ನೋಡಿ. ಮುಖದ ಅಂಚು, ಕೊಡೆಯ ಕಡ್ಡಿ ಇಂಥವು ಗಟ್ಟಿ. ಅಲ್ಲಿ ಗೆರೆ ನಿಲ್ಲುತ್ತದೆ. ಖಾಲಿ ಆಕಾಶ, ರಸ್ತೆ ಇಂಥ ಕಡೆ ಅಂಚೇ ಇಲ್ಲ, ಇರುವುದು ಕ್ಯಾಮೆರಾದ ನಾಯ್ಸ್ ಮಾತ್ರ, ಅಂದರೆ ಅಡ್ಡಾದಿಡ್ಡಿ ಸಣ್ಣ ಚುಕ್ಕೆಗಳು. ಆ ನಾಯ್ಸ್ ಪ್ರತಿ ಫ್ರೇಮಿಗೂ ಬೇರೆ. ಫಿಲ್ಟರ್ ಅದನ್ನೇ ಅಂಚು ಎಂದು ತಿಳಿದು ಗೆರೆ ಎಳೆಯುತ್ತದೆ. ನಿಮ್ಮ ಆಕಾಶವೇ ಎಲ್ಲಕ್ಕಿಂತ ಜಾಸ್ತಿ ಕುದಿಯುತ್ತಿರಬೇಕು, ನೋಡಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಎಫೆಕ್ಟ್ ಹಾಕುವ ಮುಂಚೆ ಇದು ಯಾವುದಕ್ಕೆ ಅಂಟಿರಬೇಕು ಎಂದು ಕೇಳಿಕೊಳ್ಳಿ. ಅಂಚಿನ ನೆರಳು ಪರದೆಗೆ ಅಂಟಿರಬೇಕು, ಅಲ್ಲಾಡಬಾರದು. ಗ್ರೇನ್ ಯಾವುದಕ್ಕೂ ಅಂಟಬಾರದು, ಪ್ರತಿ ಫ್ರೇಮಿಗೂ ಬದಲಾಗಬೇಕು. ಫಿಲ್ಮಿನಲ್ಲಿ ಇದ್ದದ್ದೂ ಹಾಗೆಯೇ. ಕುಂಚದ ಗೆರೆ ಮಾತ್ರ ವಸ್ತುವಿಗೆ ಅಂಟಿರಬೇಕು. ಮಗು ನಡೆದರೆ ಅವಳ ಕೆನ್ನೆಯ ಮೇಲಿನ ಗೆರೆಯೂ ಜೊತೆಗೆ ನಡೆಯಬೇಕು.

ಕೆಲವರು ಮಿಣುಕು ತಪ್ಪಿಸಲು ರ‍್ಯಾಂಡಮ್ ಸೀಡ್ (ಕಲೆಗಳು ಎಲ್ಲಿ ಬೀಳಬೇಕು ಎಂದು ತೀರ್ಮಾನಿಸುವ ಅಂಕಿ) ಒಂದೇ ಸಂಖ್ಯೆಗೆ ಕಟ್ಟಿಹಾಕುತ್ತಾರೆ. ಆಗ ಕಲೆಗಳು ಪರದೆಗೆ ಅಂಟಿಕೊಳ್ಳುತ್ತವೆ, ಜನ ಅದರ ಹಿಂದೆ ಓಡಾಡುತ್ತಾರೆ. ಮಬ್ಬು ಗಾಜಿನ ಬಾಗಿಲ ಆಚೆ ನೋಡಿದ ಹಾಗಿರುತ್ತದೆ. ಇದಕ್ಕೆ ಶವರ್ ಡೋರ್ ಎಫೆಕ್ಟ್ ಎಂದೇ ಹೆಸರಿದೆ. ಫೋಟೊ ಸಾಫ್ಟ್‌ವೇರಿಗೆ ಹಿಂದಿನ ಫ್ರೇಮ್ ಗೊತ್ತಿಲ್ಲ, ಮುಂದಿನದೂ ಗೊತ್ತಿಲ್ಲ. ಹಾಗಾಗಿ ಮೂರನೆಯ ಕೆಲಸ ಅದರ ಕೈಯಲ್ಲಿ ತಾನಾಗಿ ಆಗುವುದಿಲ್ಲ.

ಸಂಜೆಬೆಳಕು
ಎಷ್ಟು ಚೆನ್ನಾಗಿ ಹೇಳಿದಿರಿ ಮೇಡಂ. ಹಾಗಾದರೆ ಹಿಂದಿನ ಕಾಲದಲ್ಲಿ ಕೈಯಲ್ಲಿ ಬರೆದವರು ಏನು ಮಾಡುತ್ತಿದ್ದರು?

ಕೈಗೆರೆ
ವಿಷಯ ಬಿಟ್ಟು ಹೋಗುತ್ತಿದ್ದೇನೆ, ಆದರೂ ಹೇಳುತ್ತೇನೆ. ಶೂಟ್ ಮಾಡಿದ ಫಿಲ್ಮಿನ ಒಂದೊಂದು ಫ್ರೇಮನ್ನು ಗಾಜಿನ ಮೇಲೆ ಬೀಳಿಸಿ, ಅದರ ಮೇಲೆ ಕಾಗದ ಇಟ್ಟು ಬರೆಯುವುದಕ್ಕೆ ರೋಟೋಸ್ಕೋಪ್ ಎಂದು ಹೆಸರು. ಮ್ಯಾಕ್ಸ್ ಫ್ಲೈಷರ್ 1915ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1917ರಲ್ಲಿ ಸಿಕ್ಕಿತು. ನಾವು ಈಗ ಮಾಡುತ್ತಿರುವುದೂ ಅದೇ ಕೆಲಸ. ಅಲ್ಲಿ ಬರೆಯುವವರಿಗೆ ಹಿಂದಿನ ಗೆರೆ ಎಲ್ಲಿತ್ತು ಎಂದು ಗೊತ್ತಿರುತ್ತಿತ್ತು. ಅದೇ ವ್ಯತ್ಯಾಸ.

ಅನಿಮೇಷನ್‌ನವರು ಜಾಸ್ತಿ ಬಳಸುವ ಒಂದು ದಾರಿ ಇದೆ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುವುದು. 24 ಫ್ರೇಮಿಗೆ 12 ಚಿತ್ರ. ಮಳೆಕೊಡೆ ಅವರೇ, ನಿಮ್ಮದು 30, ಹಾಗಾಗಿ 15 ತೆಗೆಯಿರಿ. 2400 ಫ್ರೇಮ್ ಸಾಕು, 2 ಗಂಟೆ 40 ನಿಮಿಷದಲ್ಲಿ ಮುಗಿಯುತ್ತದೆ. ಕುದಿತ ಪೂರ್ತಿ ಹೋಗುವುದಿಲ್ಲ. ಆದರೆ ನಿಧಾನವಾಗುತ್ತದೆ, ಕೈಯಲ್ಲಿ ಬರೆದ ಹಾಗೆ ಕಾಣುತ್ತದೆ.

ಇಪ್ಪತ್ತೈದು
ಇದನ್ನು ಒಪ್ಪುವುದು ಕಷ್ಟ. ಕ್ಯಾಮೆರಾ ಪಕ್ಕಕ್ಕೆ ತಿರುಗುವ ಶಾಟ್‌ನಲ್ಲಿ 15 ಫ್ರೇಮ್ ಇಟ್ಟರೆ ಜರ್ಕ್ ಹೊಡೆಯುತ್ತದೆ. ಮಳೆಹನಿ ಬೀಳುವುದೂ ತುಂಡು ತುಂಡಾಗಿ ಕಾಣುತ್ತದೆ.

ಕೈಗೆರೆ
ಕ್ಯಾಮೆರಾ ತಿರುಗಿದರೆ ನೀವು ಹೇಳಿದ್ದು ಸರಿ, ಅಲ್ಲಿ ನಾವೂ ಒಂದಕ್ಕೊಂದು ಬರೆಯುತ್ತೇವೆ. ಇಲ್ಲಿ ಮಗು ಎದುರಿಗೆ ನಡೆದು ಬರುತ್ತಿದೆ, ಕ್ಯಾಮೆರಾ ನಿಂತಿದೆ ಎಂದು ಅಂದುಕೊಂಡೆ.

ಮಳೆಕೊಡೆ
ಹೌದು ಮೇಡಂ, ನಿಂತೇ ಇದೆ. ಮೊದಲ 10 ಸೆಕೆಂಡ್ ಮಾತ್ರ ಸ್ವಲ್ಪ ತಿರುಗುತ್ತದೆ. ಆಕಾಶದ ಬಗ್ಗೆ ನೀವು ಹೇಳಿದ್ದೂ ನಿಜ, ಅಲ್ಲೇ ಜಾಸ್ತಿ ಕುದಿಯುತ್ತಿದೆ!

ಒದ್ದೆಕಿಟಕಿ
ಹಾಗಾದರೆ ಪೇಂಟ್ ಮಾಡುವ ಮೊದಲು ನಾಯ್ಸ್ ತೆಗೆಯಿರಿ. ಫೋಟೊದ ಡಿನಾಯ್ಸ್ ಬೇಡ, ಅದು ಒಂದೇ ಫ್ರೇಮ್ ನೋಡುತ್ತದೆ. ವಿಡಿಯೊದ ಡಿನಾಯ್ಸ್ ಹಿಂದಿನ ಫ್ರೇಮನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಎಚ್‌ಕ್ಯೂಡಿಎನ್3ಡಿ ಎಂಬ ಫಿಲ್ಟರ್ ಇದೆ. ಹಗುರ, ಬೇಗ ಓಡುತ್ತದೆ. ಫ್ರೇಮ್ ತೆಗೆಯುವಾಗಲೇ ಅದನ್ನು ಸೇರಿಸಿ.

ಇನ್ನೊಂದು ಮಿಣುಕು ಇದೆ, ಬಹಳ ಜನ ಗಮನಿಸುವುದಿಲ್ಲ. ಫೋನ್ ವಿಡಿಯೊದಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿ ಉಳಿದಿರುವುದಿಲ್ಲ. ಆಗಾಗ ಒಂದು ಪೂರ್ತಿ ಚಿತ್ರ, ನಡುವೆ ಇರುವುದು ಬದಲಾವಣೆಗಳ ಲೆಕ್ಕ ಮಾತ್ರ. ಪೂರ್ತಿ ಫ್ರೇಮ್ ಬಂದ ಕ್ಷಣ ಚಿತ್ರದ ಸೂಕ್ಷ್ಮ ವಿನ್ಯಾಸ ಒಮ್ಮೆಲೆ ಬದಲಾಗುತ್ತದೆ. ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಶಾರ್ಪನ್ ಅಥವಾ ಪೇಂಟ್ ಹಾಕಿದರೆ ಅದೇ ದೊಡ್ಡದಾಗಿ, ನಾಡಿ ಬಡಿದ ಹಾಗೆ ಒಂದೇ ಅಂತರದಲ್ಲಿ ಹೊಡೆಯುತ್ತದೆ. ಡಿನಾಯ್ಸ್ ಮಾಡಿದರೆ ಇದೂ ಕಡಿಮೆಯಾಗುತ್ತದೆ.

ತೆರೆದಕೀಲಿ
ಕೆಲವು ಫೋನ್‌ಗಳಲ್ಲಿ ಫ್ರೇಮ್ ವೇಗ ಕೂಡ ಸಮವಾಗಿರುವುದಿಲ್ಲ, ಬೆಳಕು ಕಡಿಮೆಯಾದರೆ ನಿಧಾನವಾಗುತ್ತದೆ. ತೆಗೆಯುವಾಗಲೂ ಜೋಡಿಸುವಾಗಲೂ ಒಂದೇ ಸಂಖ್ಯೆ ಕೊಟ್ಟುಬಿಡಿ. ಆಡಿಯೊ ಜಾರುವುದಿಲ್ಲ.

ದೊಡ್ಡಡಿಸ್ಕ್
ಪಿಎನ್‌ಜಿ ಯಾಕೆ, ಜೆಪೆಗ್ ಸಾಕು. 100 ಗುಣಮಟ್ಟ ಇಟ್ಟರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಜಾಗ ಎಷ್ಟೋ ಉಳಿಯುತ್ತದೆ.

ಕತ್ತಲಕೋಣೆ
ಒಂದು ಸಲಕ್ಕೆ ಗೊತ್ತಾಗುವುದಿಲ್ಲ, ನಿಜ. ಇಲ್ಲಿ ವಿಡಿಯೊದಿಂದ ಜೆಪೆಗ್, ಎಡಿಟ್ ಆಗಿ ಮತ್ತೆ ಜೆಪೆಗ್, ಅಲ್ಲಿಂದ ಮತ್ತೆ ವಿಡಿಯೊ. ಮೂರು ಸಲ ಹಿಂಡಿದ ಹಾಗಾಯಿತು. ಮೇಲಿನಿಂದ ಜೆಪೆಗ್‌ನ 8 ಬೈ 8 ಚೌಕಗಳ ಅಂಚನ್ನು ಪೇಂಟ್ ಫಿಲ್ಟರ್ ಹಿಡಿದುಕೊಂಡರೆ?

ಜಾಗದ ಲೆಕ್ಕ ಹೇಳುತ್ತೇನೆ. 1920 ಬೈ 1080 ಫ್ರೇಮ್ ಸುಮ್ನೆ ಹಿಂಡದೆ ಇಟ್ಟರೂ 6.2 ಎಂಬಿ. 4800ಕ್ಕೆ ಸುಮಾರು 30 ಜಿಬಿ. ಪಿಎನ್‌ಜಿ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಮೂಲ ಮತ್ತು ಎಡಿಟ್ ಮಾಡಿದ್ದು ಎರಡಕ್ಕೂ ಜಾಗ ಬೇಕು ಎಂಬುದು ನೆನಪಿರಲಿ. ಕೆಲಸ ಮುಗಿದ ಮೇಲೆ ಅಳಿಸಿದರಾಯಿತು.

ದೊಡ್ಡಡಿಸ್ಕ್
4ಕೆ ಆದರೆ ಅದರ ನಾಲ್ಕು ಪಟ್ಟು. ನನ್ನದು 4ಕೆ ಕ್ಲಿಪ್, ಅದಕ್ಕೇ ಜೆಪೆಗ್‌ಗೆ ಹೋದದ್ದು. ಚೌಕಗಳ ಮಾತು ಸರಿ ಇದೆ, ಹೋಲಿಸಿ ನೋಡುತ್ತೇನೆ.

ಹಳೆರೀಲು
ಹಳೆಯ ಟೇಪ್‌ನಿಂದ ತೆಗೆದ ವಿಡಿಯೊ ಇರುವವರಿಗೆ ಒಂದು ಮಾತು. ಅದು ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಒಂದು ಫ್ರೇಮಿನಲ್ಲಿ ಎರಡು ಕ್ಷಣಗಳ ಸಾಲುಗಳು ಒಂದು ಬಿಟ್ಟು ಒಂದು ಹೆಣೆದಿರುತ್ತವೆ. ಕೈ ಬೀಸಿದ ಕಡೆ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುತ್ತದೆ. ಹಾಗೇ ಫಿಲ್ಟರ್ ಹಾಕಿದರೆ ಆ ಹಲ್ಲುಗಳಿಗೇ ಬಣ್ಣ ಬಳಿಯುತ್ತದೆ. ಮೊದಲು ಡಿಇಂಟರ್‌ಲೇಸ್ ಮಾಡಿ, ಎಫ್‌ಎಫ್‌ಎಂಪೆಗ್‌ನ ಯಾಡಿಫ್ ಫಿಲ್ಟರ್ ಸಾಕು.

ನೀಲಿಪೆನ್ಸಿಲ್
ಗೆರೆ ವಸ್ತುವಿನ ಜೊತೆ ನಡೆಯಬೇಕು ಅಂದರಲ್ಲ, ಅದಕ್ಕೆ ಎಬ್‌ಸಿಂತ್ ಎಂಬ ಸಾಫ್ಟ್‌ವೇರ್ ನೋಡಿ. ಒಂದು ಫ್ರೇಮನ್ನು ನಿಮಗೆ ಬೇಕಾದ ಹಾಗೆ ಬಣ್ಣ ಬಳಿದು ಕೊಟ್ಟರೆ, ಅದು ಆ ಚಿತ್ರದ ತುಣುಕುಗಳನ್ನೇ ಎತ್ತಿ, ಚಲನೆಯನ್ನು ಅನುಸರಿಸಿ ಉಳಿದ ಫ್ರೇಮ್‌ಗಳಿಗೆ ಕೂರಿಸುತ್ತದೆ. ಗೆರೆಗಳು ಮುಖದ ಜೊತೆಗೇ ಹೋಗುತ್ತವೆ. ಮೊದಲು ಕಾಣದಿದ್ದದ್ದು ನಡುವೆ ಬಂದರೆ, ಉದಾಹರಣೆಗೆ ಮಗು ತಿರುಗಿದಾಗ ಬೆನ್ನು ಕಂಡರೆ, ಅಲ್ಲಿ ಇನ್ನೊಂದು ಫ್ರೇಮ್ ಬಳಿದು ಕೊಡಬೇಕು. ಹೀಗೆ ಬಳಿದು ಕೊಡುವ ಕೀ ಫ್ರೇಮ್‌ಗಳನ್ನು ಮಾತ್ರ ಫೋಟೊಶಾಪಿನಲ್ಲಿ ಮಾಡಿ. 4800ರ ಬದಲು ಹತ್ತೋ ಇಪ್ಪತ್ತೋ ಚಿತ್ರಕ್ಕೆ ನಿಧಾನವಾಗಿ, ಮನಸ್ಸಿಟ್ಟು ಕೆಲಸ ಮಾಡಬಹುದು.

ಬಣ್ಣದಪೆಟ್ಟಿಗೆ
ಜೋಡಿಸುವಾಗ ಎರಡು ಎಚ್ಚರಿಕೆ. ಪಿಎನ್‌ಜಿಯಿಂದ ಎಚ್264 ವಿಡಿಯೊ ಮಾಡಿದರೆ, ಏನೂ ಹೇಳದಿದ್ದರೆ, 4:4:4ರಲ್ಲಿ, ಅಂದರೆ ಪ್ರತಿ ಪಿಕ್ಸೆಲ್ಲಿಗೂ ಪೂರ್ತಿ ಬಣ್ಣ ಇಟ್ಟು ಬರುತ್ತದೆ. ಎಷ್ಟೋ ಟಿವಿ, ಫೋನ್‌ಗಳಲ್ಲಿ ಅದು ಓಡುವುದಿಲ್ಲ. ಪಿಕ್ಸೆಲ್ ಫಾರ್ಮ್ಯಾಟ್ 4:2:0 (ಬಣ್ಣದ ವಿವರ ಕಡಿಮೆ ಇಡುವುದು) ಎಂದು ಕೊಡಿ. ಹಾಗೆಯೇ ಎಚ್‌ಡಿ ವಿಡಿಯೊಗೆ ಬಣ್ಣದ ಲೆಕ್ಕ ಬಿಟಿ 709 (ಎಚ್‌ಡಿಯ ಬಣ್ಣದ ಮಾನದಂಡ) ಎಂದು ಸ್ಪಷ್ಟವಾಗಿ ಹೇಳಿ. ಇಲ್ಲವಾದರೆ ಹಳೆಯ 601 ಲೆಕ್ಕದಲ್ಲಿ ಬರೆದುಬಿಡಬಹುದು. ಆಗ ಕೆಂಪು, ಹಸಿರು ಸ್ವಲ್ಪ ಸರಿದು ಕಾಣುತ್ತವೆ. ಗುಣಮಟ್ಟ ಹೇಳುವ ಸಿಆರ್‌ಎಫ್ ಎಂಬ ಅಂಕಿ 18 ಇಟ್ಟರೆ ಚೆನ್ನ.

ಮಳೆಕೊಡೆ
ನಾಲ್ಕು ದಿನದ ನಂತರ ಬಂದಿದ್ದೇನೆ, ಕ್ಷಮಿಸಿ. ಮಾಡಿದ್ದನ್ನು ಹೇಳುತ್ತೇನೆ.

ಮೊದಲು ವಿಡಿಯೊಗೆ ಹಗುರವಾಗಿ ಡಿನಾಯ್ಸ್ ಹಾಕಿದೆ. ಹಾಲ್ಡ್ ಚಿತ್ರದಿಂದ ಬಣ್ಣ ಕೊಟ್ಟೆ. ಇಷ್ಟರಲ್ಲೇ ಬೆಳಕಿನ ಮಿಣುಕು ಪೂರ್ತಿ ನಿಂತಿತು. ಆಮೇಲೆ 15 ಫ್ರೇಮ್ ವೇಗದಲ್ಲಿ ತೆಗೆದು ಆಯಿಲ್ ಪೇಂಟ್ ಓಡಿಸಿದೆ. ಆಕಾಶ ಮೊದಲಿಗಿಂತ ಎಷ್ಟೋ ಶಾಂತವಾಯಿತು, ಆದರೆ ಮುಖ ಇನ್ನೂ ಕುದಿಯುತ್ತಿತ್ತು. ಹಾಗಾಗಿ ನೀಲಿಪೆನ್ಸಿಲ್ ಅವರ ಮಾತಿನಂತೆ ಎಬ್‌ಸಿಂತ್‌ಗೆ ಹೋದೆ. ಹನ್ನೊಂದು ಕೀ ಫ್ರೇಮ್ ಮಾಡಿದೆ. ಮೊದಲ 10 ಸೆಕೆಂಡಿಗೆ ಪೂರ್ತಿ 30 ಫ್ರೇಮ್, ಉಳಿದದ್ದಕ್ಕೆ 15. ನೆರಳಿನ ಪಿಎನ್‌ಜಿ, ಬದಲಾಗುವ ಗ್ರೇನ್ ಎರಡನ್ನೂ ಕೊನೆಯಲ್ಲಿ ವಿಡಿಯೊ ಎಡಿಟರ್‌ನಲ್ಲೇ ಹಾಕಿದೆ.

ಮಗಳಿಗೆ ತೋರಿಸಿದೆ. ತನ್ನ ಕೆನ್ನೆಯ ಮೇಲಿನ ಬಣ್ಣ ತನ್ನ ಜೊತೆಗೇ ಬರುವುದನ್ನು ಅವಳು ಮೂರು ಸಲ ಹಾಕಿಸಿ ನೋಡಿದಳು. ನನಗೆ ಮಾತೇ ಹೊರಡಲಿಲ್ಲ.

ಒಂದೇ ಒಂದು ಕಡೆ ಉಳಿದಿದೆ. 1 ನಿಮಿಷ 10 ಸೆಕೆಂಡಿನಲ್ಲಿ ಅವಳು ಕೊಡೆಯನ್ನು ಗರಗರ ತಿರುಗಿಸುತ್ತಾಳೆ. ಅಲ್ಲಿ ಕೊಡೆಯ ಬಣ್ಣ ಕರಗಿದ ಹಾಗೆ ಎಳೆದುಕೊಂಡು ಹೋಗುತ್ತದೆ.

ನೀಲಿಪೆನ್ಸಿಲ್
ವೇಗವಾಗಿ ತಿರುಗುವ ಕಡೆ ಅದಕ್ಕೆ ಚಲನೆ ಹಿಡಿಯಲು ಆಗುವುದಿಲ್ಲ. ಆ ತುಂಡಿಗೆ ಮಾತ್ರ 30 ಫ್ರೇಮ್ ಇಟ್ಟು, ನಾಲ್ಕೈದು ಫ್ರೇಮಿಗೊಂದು ಕೀ ಕೊಡಿ.

ಕೈಗೆರೆ
ಅಥವಾ ಕೊಡೆಯನ್ನು ಮಾಸ್ಕ್ ಮಾಡಿ (ಅದೊಂದನ್ನೇ ಬೇರ್ಪಡಿಸಿ), ಆ ಭಾಗಕ್ಕೆ ನಿಮ್ಮ ಮೊದಲಿನ ಆಯಿಲ್ ಪೇಂಟ್ ಬ್ಯಾಚ್ ಫ್ರೇಮ್‌ಗಳನ್ನೇ ಹಾಕಿ. ತಿರುಗುವ ಕೊಡೆಯ ಮೇಲೆ ಗೆರೆ ಕುದಿದರೆ ಕಣ್ಣಿಗೆ ಚುಚ್ಚುವುದಿಲ್ಲ. ಆ ಫ್ರೇಮ್‌ಗಳು ಇನ್ನೂ ಇವೆ ತಾನೇ?

ಮಳೆಕೊಡೆ
ಇವೆ ಮೇಡಂ, ಒಂದನ್ನೂ ಅಳಿಸಿಲ್ಲ. ಇವತ್ತು ರಾತ್ರಿಯೇ ಕೂರುತ್ತೇನೆ.